ಶಾಲೆಗೆ ಸೇರಿದವಳು

ಕನ್ನಡದ ‘ಸೇರು’ ಎಂಬ ಪುಟ್ಟ ಕ್ರಿಯಾಪದ ಮೂರು ಕೆಲಸ ಮಾಡುತ್ತದೆ. ‘ಹುಡುಗಿ ಎಂಟನೇ ತರಗತಿಗೆ ಸೇರಿದಳು’ ಎಂದರೆ ದಾಖಲಾದಳು ಎಂದರ್ಥ. ‘ಈ ಹೊಲ ನಮಗೆ ಸೇರಿದ್ದು’ ಎಂದರೆ ನಮ್ಮದು. ‘ಅವಳಿಗೆ ಅಲ್ಲಿನ ಊಟ ಸೇರಲಿಲ್ಲ’ ಎಂದರೆ ಒಗ್ಗಲಿಲ್ಲ. ಮೊದಲನೆಯದು ಒಂದು ದಿನದ ಕೆಲಸ. ತಂದೆ ಬರುತ್ತಾರೆ, ಹಿಂದಿನ ಶಾಲೆಯ ವರ್ಗಾವಣೆ ಪತ್ರ ಕೊಡುತ್ತಾರೆ, ಸಹಿ ಹಾಕುತ್ತಾರೆ, ಗುಮಾಸ್ತರು ಹೆಸರು ಬರೆದುಕೊಳ್ಳುತ್ತಾರೆ. ಅಲ್ಲಿಗೆ ಹುಡುಗಿ ಶಾಲೆಗೆ ಸೇರಿದಂತಾಯಿತು. ಉಳಿದೆರಡು ಅರ್ಥಗಳಲ್ಲಿ ಸೇರುವುದಕ್ಕೆ ಯಾವ ಅರ್ಜಿ ನಮೂನೆಯೂ ಇಲ್ಲ. ಶಾಲೆ ತನ್ನದು ಎಂದು ಹುಡುಗಿಗೆ ಅನ್ನಿಸಬೇಕು, ಈ ಹುಡುಗಿ ನಮ್ಮವಳು ಎಂದು ಶಾಲೆಗೂ ಅನ್ನಿಸಬೇಕು. ಇದು ಯಾವಾಗ ಆಗುತ್ತದೆ? ಆಗುವಂತೆ ನೋಡಿಕೊಳ್ಳುವ ಹೊಣೆ ಯಾರದು? ಈ ಎರಡು ಪ್ರಶ್ನೆಗಳನ್ನು ಬಾಲಕಿಯರ ಪ್ರೌಢಶಾಲೆಯನ್ನು ಮುಂದಿಟ್ಟುಕೊಂಡು ಯೋಚಿಸೋಣ ಎನ್ನಿಸಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳು ನಮ್ಮ ಕಣ್ಣ ಮುಂದಿವೆ. ತಾವು ಎಲ್ಲಿಗೆ ಸೇರಿದವರು ಎಂಬ ಪ್ರಶ್ನೆ ಇಲ್ಲಿ ಊರುಗಳನ್ನೂ ಬಿಟ್ಟಿಲ್ಲ. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಗಿದ್ದ ಊರು ರಾಮನಗರವಾಯಿತು. ನಾಲ್ಕೂ ತಾಲೂಕುಗಳು 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಹೋದವು, 2007ರಲ್ಲಿ ರಾಮನಗರ ಜಿಲ್ಲೆಯಾದವು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಬೋರ್ಡಿನ ಮೇಲಿನ ಹೆಸರು ಬದಲಾದಷ್ಟು ಸಲೀಸಾಗಿ ಜನರ ಮನಸ್ಸಿನ ಊರು ಬದಲಾಗುವುದಿಲ್ಲ ಎಂಬುದು ಇಲ್ಲಿಯ ಯಾರನ್ನು ಕೇಳಿದರೂ ತಿಳಿಯುತ್ತದೆ.

ಈ ಊರುಗಳನ್ನು ಒಂದಕ್ಕೊಂದು ನಿಜವಾಗಿ ಕಟ್ಟಿಹಾಕಿರುವುದು ರೇಷ್ಮೆ. ಹಳ್ಳಿಗಳಲ್ಲಿ ರೈತರು ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಾರೆ. ಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಯಲ್ಲಿ ರೀಲರುಗಳು ಹರಾಜಿನಲ್ಲಿ ಗೂಡು ಕೊಳ್ಳುತ್ತಾರೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಗೂಡು ಮಾರುವವರಲ್ಲಿ ಬಹಳಷ್ಟು ಮಂದಿ ಒಕ್ಕಲಿಗರು, ನೂಲು ಬಿಚ್ಚುವವರಲ್ಲಿ ಬಹಳಷ್ಟು ಮಂದಿ ಮುಸ್ಲಿಮರು. ಎರಡೂ ಕಡೆ ಕೂಲಿಗೆ ಬರುವವರಲ್ಲಿ ದಲಿತರು ಅನೇಕರು. ಚನ್ನಪಟ್ಟಣಕ್ಕೆ ಬಂದರೆ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಗೊಂಬೆ ಕೆಲಸ. ಅಲ್ಲೂ ಮುಸ್ಲಿಂ, ಹಿಂದೂ ಕುಶಲಕರ್ಮಿಗಳು ಅಕ್ಕಪಕ್ಕದಲ್ಲೇ ಬದುಕುತ್ತಾ ಬಂದಿದ್ದಾರೆ. ಇಷ್ಟೂ ಮನೆಗಳ ಹೆಣ್ಣುಮಕ್ಕಳು ಒಂದೇ ಕೋಣೆಯಲ್ಲಿ ಕೂರುವುದು ಎಲ್ಲಿ? ಮಾರುಕಟ್ಟೆಯಲ್ಲಿ ಅಪ್ಪಂದಿರು ಸಂಧಿಸುತ್ತಾರೆ. ಹೆಣ್ಣುಮಕ್ಕಳು ಸಂಧಿಸುವುದು, ಸಂಧಿಸಿದರೆ, ಬಾಲಕಿಯರ ಪ್ರೌಢಶಾಲೆಯಲ್ಲಿ.

ನಿರಾಳವಾದದ್ದು ನಿಜ

ನಾವೂ ಈ ನಾಲ್ಕು ಊರುಗಳ ಪೈಕಿ ಒಂದರ ಬಾಲಕಿಯರ ಪ್ರೌಢಶಾಲೆಯಲ್ಲೇ ಓದಿದವರು. ಎಂಬತ್ತರ ದಶಕದ ಕೊನೆಯ ಮಾತು. ಏಳನೇ ತರಗತಿಯವರೆಗೆ ಉರ್ದು ಶಾಲೆ, ಎಂಟನೇ ತರಗತಿಗೆ ಕನ್ನಡ ಮಾಧ್ಯಮ. ಬೀದಿಯಲ್ಲಿ ಆಡುವ ಕನ್ನಡ ನಮಗೆ ಚೆನ್ನಾಗಿಯೇ ಬರುತ್ತಿತ್ತು, ಪುಸ್ತಕದ ಕನ್ನಡ ಮಾತ್ರ ಬೇರೆಯೇ ಊರಿನದು ಅನ್ನಿಸುತ್ತಿತ್ತು. ವಿಜ್ಞಾನದ ಪಾಠದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂಬ ಪದ ಬಂದಾಗ ಅದನ್ನು ಉಚ್ಚರಿಸುವುದಕ್ಕೇ ಒಂದು ವಾರ ಬೇಕಾಯಿತು.

ಆದರೂ ಮೊದಲ ದಿನಗಳಲ್ಲಿ ನಮಗಾದ ನಿರಾಳತೆಯನ್ನು ಮರೆಯಲಾರೆವು. ಗೇಟಿನ ಆಚೆ ಬಸ್ ನಿಲ್ದಾಣ, ಅಂಗಡಿ ಮುಂಗಟ್ಟಿನಲ್ಲಿ ನಿಂತು ದಿಟ್ಟಿಸುವ ಕಣ್ಣುಗಳು, ದಾರಿಯಲ್ಲಿ ಕಂಡದ್ದನ್ನು ಮನೆಗೆ ವರದಿ ಮಾಡುವ ನೆರೆಯವರು. ಗೇಟಿನ ಒಳಗೆ ಅದ್ಯಾವುದೂ ಇಲ್ಲ. ಓಡಬಹುದು, ಜೋರಾಗಿ ನಗಬಹುದು, ಮರದ ಕೆಳಗೆ ಕಾಲು ಚಾಚಿ ಕೂರಬಹುದು. ತಿಂಗಳ ಆ ಮೂರು ದಿನಗಳ ಕಷ್ಟವನ್ನು ಮಿಸ್ ಹತ್ತಿರ ಪಿಸುಗುಟ್ಟಬಹುದು. ಮಾನಿಟರ್ ಆಗುವವಳೂ ಹುಡುಗಿ, ಬೆಂಚು ಹೊರುವವಳೂ ಹುಡುಗಿ, ಗಂಟೆ ಹೊಡೆಯುವವಳೂ ಹುಡುಗಿ. ‘ಇದು ಗಂಡುಮಕ್ಕಳ ಕೆಲಸ’ ಎಂದು ಹೇಳುವುದಕ್ಕೆ ಗಂಡುಮಕ್ಕಳೇ ಅಲ್ಲಿರಲಿಲ್ಲ.

ಆ ನಿರಾಳವೇ ಆಪ್ತಭಾವ ಎಂದು ನಾವು ಬಹಳ ವರ್ಷ ತಿಳಿದಿದ್ದೆವು. ಈಗ ಹಿಂದಿರುಗಿ ನೋಡಿದರೆ ಎರಡೂ ಬೇರೆಬೇರೆ ಎನ್ನಿಸುತ್ತದೆ. ಭಯ ಇಲ್ಲದಿರುವುದು ಒಂದು, ಬೇಕಾದವಳಾಗಿರುವುದು ಇನ್ನೊಂದು. ಕಾಂಪೌಂಡು ಗೋಡೆ ಮೊದಲನೆಯದನ್ನು ಕೊಡಬಲ್ಲದು. ಎರಡನೆಯದು ಗೋಡೆಯ ಒಳಗಿರುವವರು ಒಬ್ಬರಿಗೊಬ್ಬರು ಕೊಡಬೇಕಾದದ್ದು.

ಏಕೆಂದರೆ ಆ ನಿರಾಳದ ಒಳಗೂ ಗೆರೆಗಳಿದ್ದವು. ಯಾರೂ ಹೇಳದೆಯೇ ಬೆಂಚುಗಳು ಹಂಚಿಹೋಗಿದ್ದವು. ಪೇಟೆಯ ಹುಡುಗಿಯರು ಮುಂದೆ, ಬಸ್ಸಿನಲ್ಲಿ ಬರುವ ಹಳ್ಳಿಯ ಹುಡುಗಿಯರು ಬಾಗಿಲ ಕಡೆ, ನಾವು ಉರ್ದು ಶಾಲೆಯಿಂದ ಬಂದ ಏಳೆಂಟು ಮಂದಿ ಗೋಡೆಯ ಕಡೆ, ದಲಿತ ಕೇರಿಯ ಹುಡುಗಿಯರು ಹಿಂದೆ. ಊಟದ ಡಬ್ಬಿಗಳೂ ಹಾಗೆಯೇ ಗುಂಪುಗುಂಪಾಗಿ ತೆರೆಯುತ್ತಿದ್ದವು. ನಮ್ಮ ಬಟ್ಟೆಗೆ ಬೇಯಿಸಿದ ಹುಳುವಿನ ವಾಸನೆ ಬರುತ್ತದೆ ಎಂದು ಯಾರೋ ಮೂಗು ಮುಚ್ಚಿದರು. ನಾವೇನು ಕಡಿಮೆ? ಹಳ್ಳಿಯ ಹುಡುಗಿಯರ ಎಣ್ಣೆ ಸುರಿಯುವ ಜಡೆಯನ್ನು ನಾವು ನಮ್ಮ ದಖ್ಖನಿಯಲ್ಲಿ ಆಡಿಕೊಂಡು ನಕ್ಕೆವು. ಅವರಿಗೆ ಅರ್ಥವಾಗದ ಭಾಷೆ ಎಂಬ ಧೈರ್ಯ. ಅರ್ಥವಾಗದಿದ್ದರೂ ತಮ್ಮನ್ನೇ ನಗುತ್ತಿದ್ದಾರೆ ಎಂಬುದು ಯಾರಿಗೆ ತಾನೇ ತಿಳಿಯುವುದಿಲ್ಲ!

ವಿಚಿತ್ರವೆಂದರೆ, ಬಾಗಿಲ ಕಡೆ ಕೂತವಳ ಅಪ್ಪ ಬೆಳೆದ ಗೂಡನ್ನೇ ಗೋಡೆ ಕಡೆ ಕೂತವಳ ಅಪ್ಪ ಕೊಂಡು ನೂಲು ಬಿಚ್ಚುತ್ತಿದ್ದಿರಬಹುದು. ಒಂದೇ ಎಳೆಯ ಎರಡು ತುದಿಗಳು ಒಂದೇ ಕೋಣೆಯಲ್ಲಿ ಅಪರಿಚಿತರಾಗಿ ಕೂತಿದ್ದವು.

ಇಬ್ಬರ ಗೈರುಹಾಜರಿ

ಒಂಬತ್ತನೇ ತರಗತಿಯ ಒಂದೇ ತಿಂಗಳಲ್ಲಿ ಇಬ್ಬರು ಹುಡುಗಿಯರು ಶಾಲೆಗೆ ಬರುವುದು ನಿಂತಿತು. ಈ ಬರಹಕ್ಕೆ ಆ ತಿಂಗಳೇ ಕಾರಣ.

ಮೊದಲನೆಯವಳು ಬಾಗಿಲ ಕಡೆಯ ಬೆಂಚಿನವಳು, ರೇಷ್ಮೆ ಬೆಳೆಯುವ ಮನೆಯವಳು. ಹುಳು ಸಾಕುವವರಿಗೆ ಗೊತ್ತು, ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಏಳುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ಇಡೀ ಬೆಳೆಯ ಸೊಪ್ಪಿನ ಬಹುಪಾಲು ಆ ಕೊನೆಯ ವಾರದಲ್ಲೇ ಖರ್ಚಾಗುತ್ತದೆ. ಆಮೇಲೆ ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡಬೇಕು. ಆ ಹೊತ್ತಿಗೆ ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲದು, ಶಾಲೆಗೆ ಹೋಗುವ ಕೈ ಮೊದಲು ನೆನಪಾಗುತ್ತದೆ. ಅವಳು ಹತ್ತು ದಿನ ಬರಲಿಲ್ಲ. ಹಾಜರಿ ಕರೆಯುವಾಗ ಮಿಸ್ ಅವಳ ಹೆಸರಿನ ಹತ್ತಿರ ನಿಂತರು. “ಯಾಕೆ ಬರ್ತಿಲ್ಲ ಇವಳು? ಯಾರ್ ಗೊತ್ತು?” ಎಂದರು. ಅದೇ ಬಸ್ಸಿನವಳೊಬ್ಬಳು ಎದ್ದು “ಹುಳ ಹಣ್ಣಾಗೈತೆ ಮಿಸ್” ಎಂದಳು. “ಆಯ್ತು. ನೋಟ್ಸ್ ಯಾರು ಬರೆದುಕೊಡ್ತೀರಿ?” ಎಂದು ಮಿಸ್ ಕೇಳಿದರು. ಇಬ್ಬರು ಕೈ ಎತ್ತಿದರು. ಹನ್ನೊಂದನೇ ದಿನ ಅವಳು ಬಂದಳು, ಕೈಯೆಲ್ಲ ಸೊಪ್ಪಿನ ಕಲೆ. ಅವಳಿಗಾಗಿ ಬರೆದ ನೋಟ್ಸು ಕಾದಿತ್ತು.

ಎರಡನೆಯವಳು ನಮ್ಮ ಗೋಡೆ ಕಡೆಯ ಬೆಂಚಿನವಳು. ಅವಳ ಅಬ್ಬಾ ಬೇರೆಯವರ ಘಟಕದಲ್ಲಿ ನೂಲು ಬಿಚ್ಚುವ ಕೂಲಿ. ಅವಳೂ ಒಂದು ಸೋಮವಾರ ಬರಲಿಲ್ಲ. ಹಾಜರಿಯಲ್ಲಿ ಅವಳ ಹೆಸರು ಕರೆದಾಗ ಮೌನ. ಪುಸ್ತಕದಲ್ಲಿ ಒಂದು ಗುರುತು ಬಿತ್ತು, ಮುಂದಿನ ಹೆಸರು ಬಂತು. ಎರಡನೇ ವಾರವೂ ಹಾಗೆಯೇ. ತಿಂಗಳಾದ ಮೇಲೆ ಆ ಹೆಸರು ಕರೆಯುವುದೇ ನಿಂತಿತು. ಅವಳಿಗೂ ಕಾರಣವಿತ್ತು. ಅಬ್ಬಾನ ಕೈಗೆ ಬಿಸಿನೀರಿನ ಗಾಯ, ಮನೆಗೆ ಮುಂಗಡದ ಸಾಲ, ಅಬ್ಬಾನ ಜಾಗದಲ್ಲಿ ಅಮ್ಮಿಯ ಜೊತೆ ಅವಳೂ ದುಡಿಯಲು ನಿಂತಿದ್ದಳು. ಮಿಸ್‌ಗೆ ಇದು ತಿಳಿದಿರಲಿಲ್ಲ, ಅವರು ಕೇಳಲೂ ಇಲ್ಲ. ನಮಗೆ ತಿಳಿದಿತ್ತು. ಅವಳ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಕೇಳಿದರೆ ಹೇಳೋಣ ಎಂದು ನಾವು ಕೂತೆವು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅವಳ ಹದಿನಾರನೇ ವಯಸ್ಸಿಗೆ ನಿಕಾಹ್ ಆಯಿತು.

ಒಬ್ಬ ಶಿಕ್ಷಕಿ ಒಂದು ಮಾತು ಕೇಳಿದ್ದರೆ ಅವಳ ಬಾಳು ಬೇರೆಯಾಗುತ್ತಿತ್ತು ಎಂದು ಹೇಳುವಷ್ಟು ಮುಗ್ಧರು ನಾವಲ್ಲ. ಸಾಲ ಒಂದು ಪ್ರಶ್ನೆಗೆ ಕರಗುವುದಿಲ್ಲ. ಬಡತನಕ್ಕೆ ಬೇರೆಯೇ ಮದ್ದು ಬೇಕು. ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಸಿಕ್ಕಿಬಿದ್ದು ದುಡಿಯುವ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಒಂದು ವರದಿಯನ್ನೇ ತಂದಿತು. ಅದರಲ್ಲಿ ಕರ್ನಾಟಕವೂ ಇತ್ತು. ಆದರೆ ಹಣದ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. ನಮ್ಮ ಲೆಕ್ಕ ಇಷ್ಟು: ಒಬ್ಬಳು ಇಲ್ಲದಿದ್ದಾಗ ತರಗತಿಯಲ್ಲಿ ಒಂದು ಜಾಗ ಖಾಲಿಯಾಯಿತು. ಇನ್ನೊಬ್ಬಳು ಇಲ್ಲದಿದ್ದಾಗ ಬೆಂಚಿನಲ್ಲಿ ಸ್ವಲ್ಪ ಜಾಗ ಹೆಚ್ಚಾಯಿತು. ಇಬ್ಬರೂ ಶಾಲೆಗೆ ಸೇರಿದ್ದರು. ಶಾಲೆಗೆ ಸೇರಿದವಳಾಗಿದ್ದವಳು ಒಬ್ಬಳೇ.

ಹಾಗಾಗಿ ನಮ್ಮ ಮಟ್ಟಿಗೆ ಈ ಪ್ರಶ್ನೆಯ ಉತ್ತರ ಇದು. ನಾನು ಎಲ್ಲಿಗೆ ಸೇರಿದವಳು ಎಂಬುದು ನಾನಿರುವಾಗ ಗೊತ್ತಾಗುವುದಿಲ್ಲ, ಇಲ್ಲದಿರುವಾಗ ಗೊತ್ತಾಗುತ್ತದೆ. ನಾನು ಬಾರದ ದಿನ ಯಾರು ಕೇಳುತ್ತಾರೋ ಅವರಿಗೆ ನಾನು ಸೇರಿದವಳು. ಇದರ ಇನ್ನೊಂದು ಮುಖ ಹೆಚ್ಚು ಕಠಿಣವಾದದ್ದು. ಬಾರದವಳ ಬಗ್ಗೆ ನಾನು ಕೇಳದಿದ್ದರೆ, ಆ ಜಾಗ ನನ್ನದು ಎನ್ನುವ ಹಕ್ಕು ನನಗೂ ಪೂರ್ತಿ ಸಿಕ್ಕಂತಲ್ಲ.

ರಕ್ತವೋ ಒಡನಾಟವೋ

ಇಲ್ಲಿ ಒಂದು ಆಕ್ಷೇಪ ಬರಬಹುದು. ಕೇಳುವುದು ಸಹಜವಾಗಿ ನಮ್ಮವರ ಬಗ್ಗೆ ತಾನೇ? ಒಂದೇ ಬಸ್ಸಿನವಳು ಒಂದೇ ಬಸ್ಸಿನವಳ ಬಗ್ಗೆ ಎದ್ದು ಹೇಳಿದಳು. ಆದ್ದರಿಂದ ನಮ್ಮವರು ನಮ್ಮವರ ಜೊತೆಗಿರುವ ಶಾಲೆಗಳನ್ನೇ ಕಟ್ಟಿದರೆ ಎಲ್ಲರಿಗೂ ಕೇಳುವವರು ಸಿಗುತ್ತಾರಲ್ಲ? ಸಮುದಾಯದೊಳಗೆ ಈ ವಾದ ಆಗಾಗ ಕೇಳಿಬರುತ್ತದೆ. ಇತರ ಸಮುದಾಯಗಳಲ್ಲೂ ಬೇರೆ ಮಾತುಗಳಲ್ಲಿ ಕೇಳಿಬರುತ್ತದೆ.

ನಮ್ಮ ಅನುಭವ ಇದನ್ನು ಒಪ್ಪುವುದಿಲ್ಲ. ಎರಡು ಬೀದಿ ಆಚೆಯ ಗೆಳತಿಯ ಬಗ್ಗೆ ಬಾಯಿ ಬಿಡದೆ ಕೂತವರು ನಾವೇ, ಅವಳದೇ ಭಾಷೆಯ, ಅವಳದೇ ಮೊಹಲ್ಲಾದ ಹುಡುಗಿಯರು. ‘ನಮ್ಮವಳು’ ಎಂಬ ಭಾವನೆ ನಮ್ಮಲ್ಲಿ ಧಾರಾಳವಾಗಿತ್ತು. ಅದು ಕೆಲಸ ಮಾತ್ರ ಮಾಡಲಿಲ್ಲ.

ಇಬ್ನ್ ಖಲ್ದೂನ್ ತನ್ನ ‘ಮುಖದ್ದಿಮಾ’ ಗ್ರಂಥವನ್ನು 1377ರಲ್ಲಿ ಬರೆದ. ಜನರನ್ನು ಒಟ್ಟಾಗಿ ಹಿಡಿದಿಡುವ ಬಂಧವನ್ನು ಅವನು ‘ಅಸಬಿಯ್ಯ’ ಎಂದು ಕರೆದ. ಬುಡಕಟ್ಟುಗಳ ನಡುವೆ ಬದುಕಿ, ವಂಶಾಭಿಮಾನದ ಶಕ್ತಿಯನ್ನು ಕಣ್ಣಾರೆ ಕಂಡಿದ್ದ ಆತ, ವಂಶ ಎಂಬುದು ಬಹುಮಟ್ಟಿಗೆ ಕಲ್ಪನೆಯ ವಸ್ತು ಎನ್ನುತ್ತಾನೆ. ಅದರಿಂದ ಹುಟ್ಟುವ ಒಡನಾಟ, ಹತ್ತಿರದ ನಂಟು ಇವೇ ಅದರ ಪ್ರಯೋಜನ. ನಂಟು ಸತ್ತ ಮೇಲೆ ವಂಶದ ಹೆಸರು ಬರೀ ತಿಳಿವಳಿಕೆಯಾಗಿ ಉಳಿಯುತ್ತದೆ. ರಕ್ತವಿಲ್ಲದಿದ್ದರೂ ಬಹುಕಾಲದ ಸಹವಾಸದಿಂದ, ಒಬ್ಬರ ನೆರವಿಗೆ ಒಬ್ಬರು ನಿಲ್ಲುವುದರಿಂದ ಅದೇ ಬಂಧ ಮೂಡಬಲ್ಲದು ಎಂಬುದನ್ನೂ ಅವನು ಹೇಳುತ್ತಾನೆ. ಆರೂವರೆ ಶತಮಾನದ ಹಿಂದಿನ ಈ ಮಾತು ನಮ್ಮ ಗೋಡೆ ಕಡೆಯ ಬೆಂಚಿಗೆ ಸರಿಯಾಗಿ ಅನ್ವಯಿಸುತ್ತದೆ. ನಮ್ಮಲ್ಲಿ ಹೆಸರಿತ್ತು, ನಂಟು ಇರಲಿಲ್ಲ. ನೋಟ್ಸು ಬರೆದುಕೊಟ್ಟ ಆ ಇಬ್ಬರಲ್ಲಿ ಒಬ್ಬಳು ಪೇಟೆಯ ಮುಂದಿನ ಬೆಂಚಿನವಳು. ಆ ಹಳ್ಳಿಯನ್ನು ಅವಳು ಕಂಡವಳೇ ಅಲ್ಲ. ಬರೆದುಕೊಟ್ಟ ಮೇಲೆ ಅವರಿಬ್ಬರೂ ಗೆಳತಿಯರಾದರು.

ಬಾಲಕಿಯರ ಶಾಲೆಯೇ ಒಂದು ಗೋಡೆಯಲ್ಲವೇ?

ಇನ್ನೊಂದು ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಬೇರೆ ಕೂರಿಸುವುದು ತಪ್ಪಾದರೆ ಹೆಣ್ಣುಮಕ್ಕಳನ್ನೇ ಬೇರೆ ಕೂರಿಸುವುದೂ ತಪ್ಪಲ್ಲವೇ? ನಾಳೆ ಬ್ಯಾಂಕಿನಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಗಂಡಸರ ಜೊತೆ ಬದುಕಬೇಕಾದವಳನ್ನು ಇಂದು ಗೋಡೆಯೊಳಗೆ ಇಡುವುದೇಕೆ?

ಈ ಆಕ್ಷೇಪದಲ್ಲಿ ನ್ಯಾಯವಿದೆ. ಬಾಲಕಿಯರ ಶಾಲೆಗಳ ಚರಿತ್ರೆಯಲ್ಲಿ ಗೋಡೆಗಳ ಮೇಲೆ ಗೋಡೆಗಳಿವೆ. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಹೆಸರಿನಲ್ಲಿ ಆರಂಭವಾದ ಬಾಲಕಿಯರ ಶಾಲೆ ಈ ಸೀಮೆಗೆಲ್ಲ ದಾರಿ ತೋರಿಸಿತು. ಆದರೆ ಮೊದಮೊದಲು ಅದು ಮೇಲ್ಜಾತಿಯ ಹುಡುಗಿಯರಿಗಾಗಿ ತೆರೆದ ಶಾಲೆಯಾಗಿತ್ತು. ಬೇಗಂ ರುಕಯ್ಯಾ 1911ರಲ್ಲಿ ಕಲ್ಕತ್ತೆಯಲ್ಲಿ ಎಂಟು ಹುಡುಗಿಯರಿಂದ ಶಾಲೆ ಆರಂಭಿಸಿದರು. ಪರದೆಯ ಮನೆಗಳಿಂದ ಹುಡುಗಿಯರನ್ನು ಕರೆತರುವ ಶಾಲೆಯ ಬಸ್ಸನ್ನು ಗಾಳಿಯೂ ಆಡದಂತೆ ಮುಚ್ಚಿಸಲಾಗಿತ್ತು. ಒಳಗೆ ಮಕ್ಕಳು ವಾಂತಿ ಮಾಡಿಕೊಂಡರು, ಮೂರ್ಛೆ ಹೋದರು. ಮುಚ್ಚಿದ್ದನ್ನು ತೆಗೆದು ಪರದೆ ಕಟ್ಟಿಸಿದರೆ, ಪರದೆ ಗಾಳಿಗೆ ಹಾರಿ ಹುಡುಗಿಯರು ಕಾಣಿಸುತ್ತಾರೆಂದು ಬೆದರಿಕೆಯ ಪತ್ರಗಳು ಬಂದವು. ಇದನ್ನು ರುಕಯ್ಯಾ ತಾವೇ ನಗುತ್ತಾ, ನೋಯುತ್ತಾ ದಾಖಲಿಸಿದ್ದಾರೆ. ಅವರಿಗೆ ಪರದೆಯ ಅತಿರೇಕದ ಬಗ್ಗೆ ಯಾವ ಭ್ರಮೆಯೂ ಇರಲಿಲ್ಲ. ಆದರೂ ಅವರು ಬಾಲಕಿಯರ ಶಾಲೆಯನ್ನೇ ಕಟ್ಟಿದರು. ಏಕೆ? ಅವರ ಮುಂದಿದ್ದ ಆಯ್ಕೆ ಬಾಲಕಿಯರ ಶಾಲೆಯೋ ಕೂಡುಶಾಲೆಯೋ ಎಂಬುದಾಗಿರಲಿಲ್ಲ. ಬಾಲಕಿಯರ ಶಾಲೆಯೋ ಅಡುಗೆಮನೆಯೋ ಎಂಬುದಾಗಿತ್ತು.

ನೂರು ವರ್ಷಗಳ ನಂತರ ಆ ಆಯ್ಕೆ ಎಲ್ಲರಿಗೂ ಬದಲಾಗಿದೆಯೇ? ಮುಸ್ಲಿಮರ ಸ್ಥಿತಿಗತಿ ಕುರಿತ ಸಾಚಾರ್ ಸಮಿತಿ 2006ರಲ್ಲಿ ತನ್ನ ವರದಿ ಕೊಟ್ಟಿತು. ಹುಡುಗಿಯರ ಓದಿಗೆ ಧರ್ಮವೇ ಅಡ್ಡಿ ಎಂಬ ಪ್ರಚಲಿತ ಮಾತಿಗೆ ಬದಲಾಗಿ ಬಡತನ, ಹತ್ತಿರದಲ್ಲಿ ಶಾಲೆಯಿಲ್ಲದಿರುವುದು, ಶಿಕ್ಷಕಿಯರ ಮತ್ತು ವಿದ್ಯಾರ್ಥಿನಿಲಯಗಳ ಕೊರತೆ ಇಂಥ ಕಾರಣಗಳನ್ನು ಅದು ಎತ್ತಿ ತೋರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಕಡ್ಡಾಯ ಶಿಕ್ಷಣವನ್ನು ಹದಿನಾಲ್ಕನೇ ವಯಸ್ಸಿಗೆ, ಎಂಟನೇ ತರಗತಿಗೆ ನಿಲ್ಲಿಸಿತು. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಶುರುವಾಗುವುದೇ ಎಂಟನೇ ತರಗತಿಯಿಂದ. ಹಾಗಾಗಿ ಹುಡುಗಿ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಮರುವರ್ಷವೇ ಕಾನೂನು ಅವಳ ಕೈ ಬಿಡುತ್ತದೆ. ‘ದೊಡ್ಡವಳಾದಳು, ಇನ್ನು ಸಾಕು’ ಎಂಬ ಮನೆಯ ಮಾತೂ ಅದೇ ವಯಸ್ಸಿನಲ್ಲಿ ಹುಟ್ಟುತ್ತದೆ. ಆಗ ‘ಅದು ಹೆಣ್ಣುಮಕ್ಕಳ ಶಾಲೆ ಅಬ್ಬಾ, ಹತ್ತಿರದಲ್ಲೇ ಇದೆ’ ಎಂದು ಅವಳು ಹೇಳುವ ಮಾತಿಗೆ ಇರುವ ಬೆಲೆಯನ್ನು ಬೇರೆ ಯಾವ ವಾದವೂ ತರಲಾರದು. ಆದ್ದರಿಂದ ಬಾಲಕಿಯರ ಶಾಲೆಯನ್ನು ನಾವು ಮನೆಯ ಹೊಸ್ತಿಲಿನಂತೆ ಕಾಣುತ್ತೇವೆ. ಹೊಸ್ತಿಲಿನ ಉಪಯೋಗ ಅದನ್ನು ದಾಟಿ ಹೋಗುವುದರಲ್ಲಿದೆ, ಅದರ ಮೇಲೆಯೇ ಕೂತಿರುವುದರಲ್ಲಿ ಅಲ್ಲ.

ಗೇಟಿನಲ್ಲಿ ಏನನ್ನು ಬಿಟ್ಟು ಬರಬೇಕು?

ಸೇರಿದವಳಾಗಲು ನಾವು ಎಷ್ಟು ಬದಲಾಗಬೇಕು? ಇದು ಅತ್ಯಂತ ಸೂಕ್ಷ್ಮವಾದ ಪ್ರಶ್ನೆ. ಬದಲಾಗಲೇ ಬೇಕಿಲ್ಲ ಎಂಬುದು ಸುಳ್ಳು. ನಾವು ಪುಸ್ತಕದ ಕನ್ನಡ ಕಲಿತೆವು. ಕಲಿತದ್ದರಿಂದ ಉರ್ದು ಕಳೆದುಹೋಗಲಿಲ್ಲ, ಮನೆಗೆ ಇನ್ನೊಂದು ಕೋಣೆ ಸೇರಿದಂತಾಯಿತು. ಸಮವಸ್ತ್ರದಿಂದಲೂ ನಮಗೆ ಉಪಕಾರವೇ ಆಗಿದೆ. ರೇಷ್ಮೆ ವ್ಯಾಪಾರಿಯ ಮಗಳೂ ಕೂಲಿಯ ಮಗಳೂ ಒಂದೇ ನೀಲಿ ಬಟ್ಟೆಯಲ್ಲಿ ಕೂತಾಗ, ಈದ್‌ಗೆ ಹೊಲಿಸಿದ ಒಂದೇ ಒಂದು ಒಳ್ಳೆಯ ಬಟ್ಟೆಯನ್ನು ದಿನಾ ಹಾಕಿಕೊಂಡು ಬರಬೇಕಾದ ಅವಮಾನ ತಪ್ಪುತ್ತಿತ್ತು.

ಆದರೆ ಒಳಗೆ ಕರೆತರುವುದಕ್ಕಾಗಿ ಹುಟ್ಟಿದ ನಿಯಮವೇ ಹೊರಗೆ ನಿಲ್ಲಿಸುವ ನಿಯಮವಾದರೆ? ಉಡುಪಿಯಲ್ಲಿ ನಡೆದದ್ದನ್ನು ಕರ್ನಾಟಕದ ಯಾರೂ ಮರೆತಿರಲಾರರು. ಅದೂ ಬಾಲಕಿಯರ ಸರಕಾರಿ ಪದವಿಪೂರ್ವ ಕಾಲೇಜು. ತಲೆವಸ್ತ್ರ ಧರಿಸಿದ ವಿದ್ಯಾರ್ಥಿನಿಯರು 2022ರ ಆರಂಭದಲ್ಲಿ ತರಗತಿಯ ಹೊರಗುಳಿಯಬೇಕಾಯಿತು. ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರಕಾರದ ಆದೇಶ ಹೊರಬಿತ್ತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಭಿನ್ನ ತೀರ್ಪು ಕೊಟ್ಟರು. ಒಬ್ಬರು ಹೈಕೋರ್ಟಿನ ತೀರ್ಪನ್ನು ಒಪ್ಪಿದರೆ, ಇನ್ನೊಬ್ಬರಾದ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರಿಗೆ ಹೆಣ್ಣುಮಗುವಿನ ಓದಿನ ವಿಚಾರ ಎಲ್ಲಕ್ಕಿಂತ ಮೇಲೆ ಕಂಡಿತು. ಕಾನೂನಿನ ವಾದವನ್ನು ಬಲ್ಲವರು ಮಾಡಲಿ. ನಮ್ಮ ಪ್ರಶ್ನೆ ಹಾಜರಿ ಪುಸ್ತಕದ್ದು. ಆ ಬೆಳಿಗ್ಗೆ ಹೆಸರು ಕರೆದಾಗ ಗೇಟಿನ ಬಳಿ ನಿಂತವಳ ಹೆಸರೂ ಬಂದಿರಬೇಕಲ್ಲ? ಒಳಗೆ ಕೂತ ಗೆಳತಿಯರಿಗೆ ಆ ಮೌನ ಹೇಗೆ ಕೇಳಿಸಿರಬಹುದು? ಸಮವಸ್ತ್ರದ ಪರ ಇದ್ದವಳೂ, ವಿರೋಧ ಇದ್ದವಳೂ ಕೇಳಿಕೊಳ್ಳಬಹುದಾದ ಪ್ರಶ್ನೆ ಇದು. ಅಭಿಪ್ರಾಯ ಬೇರೆಯಾದರೂ ‘ಅವಳೇಕೆ ಇಲ್ಲ’ ಎಂದು ಕೇಳುವುದಕ್ಕೆ ಯಾವ ತೀರ್ಪೂ ಅಡ್ಡಿಯಿಲ್ಲ.

ನಮ್ಮ ಅಳತೆ ಇಷ್ಟೇ. ಹೊಸದೊಂದನ್ನು ಕಲಿ ಎಂದು ಶಾಲೆ ಕೇಳಬಹುದು. ನೀನು ಯಾರೋ ಅದನ್ನು ಮರೆತು ಬಾ ಎಂದು ಕೇಳಬಾರದು. ಕಲಿಯುವುದರಿಂದ ಹುಡುಗಿ ಬೆಳೆಯುತ್ತಾಳೆ, ಮರೆಸುವುದರಿಂದ ಅತಿಥಿಯಾಗಿ ಉಳಿಯುತ್ತಾಳೆ. ಅತಿಥಿ ಎಷ್ಟೇ ಚೆನ್ನಾಗಿ ನಡೆದುಕೊಂಡರೂ ಮನೆಯವಳಲ್ಲ.

ಹೊಣೆ ಯಾರದು?

ಮೊದಲ ಹೊಣೆ ಶಾಲೆಯದು. ಶಕ್ತಿ ಯಾರ ಕೈಯಲ್ಲಿದೆಯೋ ಮೊದಲ ಹೆಜ್ಜೆ ಅವರದು. ಇದಕ್ಕೆ ಹಣ ಬೇಕಿಲ್ಲ. ಮೂರು ದಿನ ಬಾರದವಳ ಹೆಸರಿನ ಹತ್ತಿರ ನಿಂತು ಒಂದು ಪ್ರಶ್ನೆ ಕೇಳುವುದು, ಅವಳ ನೋಟ್ಸಿಗೆ ಬೇರೆ ಬೆಂಚಿನವಳನ್ನು ನೇಮಿಸುವುದು, ತಿಂಗಳಿಗೊಮ್ಮೆ ಬೆಂಚು ಬದಲಿಸುವುದು. ಉರ್ದು ಶಾಲೆಯಿಂದ ಬಂದವರಿಗೆ ಮೊದಲ ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆ ಪುಸ್ತಕದ ಕನ್ನಡ ಓದಿಸುವುದು. 2002ರಲ್ಲಿ ಆರಂಭವಾದ ಬಿಸಿಯೂಟ ಮುಂದೆ ಪ್ರೌಢಶಾಲೆಗಳಿಗೂ ಬಂದು ಡಬ್ಬಿಗಳ ಗುಂಪುಗಾರಿಕೆಯನ್ನು ಕಡಿಮೆ ಮಾಡಿದೆ. 2006-07ರಲ್ಲಿ ಆರಂಭವಾಗಿ ಹಲವು ವರ್ಷ ನಡೆದ ಸೈಕಲ್ ವಿತರಣೆ ಎಂಟನೇ ತರಗತಿಯ ಎಷ್ಟೋ ಹುಡುಗಿಯರ ದಾರಿಯನ್ನು ಹತ್ತಿರ ಮಾಡಿತು. ಅನ್ನ, ಸೈಕಲ್ಲು ಇವನ್ನು ಸರಕಾರ ಕೊಡಬಹುದು. ಸಾಲಿನಲ್ಲಿ ಯಾರ ಪಕ್ಕ ಕೂರಬೇಕು ಎಂಬುದನ್ನು ಯಾವ ಯೋಜನೆಯೂ ಕಲಿಸಲಾರದು. ಅದನ್ನು ಶಿಕ್ಷಕಿಯೇ ಕಲಿಸಬೇಕು.

ಎರಡನೆಯ ಹೊಣೆ ಮನೆಯದು, ಮೊಹಲ್ಲಾದ್ದು. ಶಾಲೆ ನಮ್ಮ ಮಗಳನ್ನು ತನ್ನವಳೆಂದು ಕಾಣಲಿಲ್ಲ ಎಂದು ದೂರುವ ಮೊದಲು, ನಾವು ಆ ಶಾಲೆಯನ್ನು ನಮ್ಮದೆಂದು ಕಂಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ದಾಖಲಾತಿಯ ದಿನ ಬಿಟ್ಟರೆ ಎಷ್ಟು ಅಬ್ಬಂದಿರು, ಅಮ್ಮಿಯರು ಆ ಗೇಟಿನೊಳಗೆ ಕಾಲಿಟ್ಟಿದ್ದಾರೆ? ಮಗಳ ಶಿಕ್ಷಕಿಯ ಹೆಸರು ಗೊತ್ತಿರುವ ಮನೆಗಳೆಷ್ಟು? ಮದುವೆ ಮನೆಗೆ ಊರನ್ನೆಲ್ಲ ಕರೆಯುವವರು ಮಗಳ ತರಗತಿಯ ಇಬ್ಬರು ಗೆಳತಿಯರನ್ನು ಈದ್‌ಗೆ ಕರೆದರೆ, ಅವರು ಯುಗಾದಿಗೆ ಇವಳನ್ನು ಕರೆದರೆ, ಬೆಂಚುಗಳು ತಾವಾಗಿಯೇ ಬೆರೆಯುತ್ತವೆ. ಎದುರು ಬದಿಯವರಿಗೂ ಇದೇ ಮಾತು.

ಮೂರನೆಯ ಹೊಣೆ ಹುಡುಗಿಯರದೇ. ಸೇರಿದವಳಾಗುವುದು ಕಾಯುತ್ತಾ ಕೂತರೆ ಸಿಗುವ ಬಹುಮಾನವಲ್ಲ. ನನ್ನನ್ನು ಯಾರೂ ಮಾತಾಡಿಸುವುದಿಲ್ಲ ಎಂದು ಮೂಲೆಯಲ್ಲಿ ನೊಂದುಕೊಳ್ಳುವ ಹುಡುಗಿಗೆ ನಾವು ಹೇಳುವುದು ಒಂದೇ: ನಿನಗಿಂತ ಮೂಲೆಯಲ್ಲಿ ಇನ್ನೊಬ್ಬಳಿರುತ್ತಾಳೆ ಮಗಳೇ, ಅವಳ ಹೆಸರು ಕೇಳು. ಕೇಳಿದ ಆ ಕ್ಷಣದಿಂದ ಆ ಕೋಣೆಯಲ್ಲಿ ನಿನಗೊಂದು ಕೆಲಸವಿದೆ. ಕೆಲಸವಿರುವ ಜಾಗ ಬೇಗ ನಮ್ಮದಾಗುತ್ತದೆ. ಹಾಗೆಂದು ಎಲ್ಲರೂ ಗುಂಪಿನಲ್ಲೇ ಇರಬೇಕೆಂದಲ್ಲ. ಒಬ್ಬಳೇ ಕೂತು ಓದುವುದು ಇಷ್ಟವಿರುವವಳಿಗೆ ಹಾಗೆ ಕೂರುವ ಹಕ್ಕಿದೆ. ಒಂಟಿಯಾಗಿರುವವಳೂ ಶಾಲೆಗೆ ಸೇರಿದವಳಾಗಿರಬಲ್ಲಳು, ಅವಳು ಬಾರದ ದಿನ ಯಾರಾದರೂ ಕೇಳುವಂತಿದ್ದರೆ.

ರೇಷ್ಮೆಯ ಊರಿನವರಾದ್ದರಿಂದ ಕೊನೆಗೆ ಒಂದು ಮಾತು. ಒಂದು ಗೂಡಿನ ಎಳೆ ತೀರಾ ತೆಳು, ಅದರಿಂದ ನೂಲಾಗುವುದಿಲ್ಲ. ಹಲವು ಗೂಡುಗಳ ಎಳೆಯನ್ನು ಕೂಡಿಸಿ ಒಂದು ನೂಲು ತೆಗೆಯುತ್ತಾರೆ. ನಡುವೆ ಒಂದು ಗೂಡಿನ ಎಳೆ ತುಂಡಾದರೆ ನೂಲು ನಿಲ್ಲುವುದಿಲ್ಲ, ಸುತ್ತುತ್ತಲೇ ಇರುತ್ತದೆ, ಆದರೆ ಅಲ್ಲಿಂದ ಮುಂದೆ ತೆಳುವಾಗುತ್ತದೆ. ನೀರಿನಲ್ಲಿ ಬಿದ್ದ ಗೂಡನ್ನು ಕಂಡು, ತುದಿ ಹುಡುಕಿ, ಮತ್ತೆ ಹಚ್ಚುವ ಕಣ್ಣು ಮತ್ತು ಕೈ ಇರುವವರನ್ನೇ ಒಳ್ಳೆಯ ಕೆಲಸಗಾರರು ಎನ್ನುತ್ತಾರೆ. ನಮ್ಮ ಆ ಗೆಳತಿ ಅಂಥ ಕೆಲಸಗಾರಳಾದಳು. ವರ್ಷಗಳ ನಂತರ ಸಿಕ್ಕಾಗ ಅವಳು ನಮ್ಮನ್ನು ದೂರಲಿಲ್ಲ. ಮಗಳನ್ನು ಅದೇ ಶಾಲೆಗೆ ಸೇರಿಸಿದ್ದೇನೆ ಎಂದಳು. ಆಮೇಲೆ ಸುಮ್ಮನೆ ಒಂದು ಮಾತು ಕೇಳಿದಳು: “ನಾನು ಬರೋದು ಬಿಟ್ಟ ಮೇಲೆ ಹಾಜರಿಲಿ ನನ್ನ ಹೆಸರು ಎಷ್ಟು ದಿನ ಕರೆದ್ರು?”

ನಮಗೆ ಉತ್ತರ ಗೊತ್ತಿತ್ತು. ಹೇಳಲಾಗಲಿಲ್ಲ. ಅವಳ ಮಗಳ ತರಗತಿಯಲ್ಲಿರುವ ಹುಡುಗಿಯರಿಗೆ ಇಂಥ ಪ್ರಶ್ನೆ ಎದುರಾಗದಿರಲಿ.